ಬೆಲ್ ಏನು ಹೇಳುತ್ತದೆ?

2017ರಲ್ಲಿ ಮೈಸೂರಿನಲ್ಲಿ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಅದಕ್ಕೆ ‘ಟ್ರಿಣ್ ಟ್ರಿಣ್’ ಎಂದು ಹೆಸರಿಟ್ಟರು. ಆ ಸದ್ದಿಗೆ ಅರ್ಥವೇನು? ‘ನಾನು ಹಿಂದೆ ಬರುತ್ತಿದ್ದೇನೆ’ ಎಂದೋ, ‘ದಾರಿ ಬಿಡು’ ಎಂದೋ? ಮೊದಲನೆಯದು ಸೂಚನೆ, ಎರಡನೆಯದು ಅಪ್ಪಣೆ. ಬೆಲ್ ಒಂದೇ, ಸದ್ದೂ ಒಂದೇ. ಬೆಲ್ ಹೊಡೆದವರು ಬ್ರೇಕ್ ಹಿಡಿದರೆ ಸೂಚನೆ. ಅದೇ ವೇಗದಲ್ಲಿ ನುಗ್ಗಿದರೆ ಅಪ್ಪಣೆ.

ನಾವು ಸೈಕಲ್ ತುಳಿಯುವವರು ನಮ್ಮನ್ನು ರಸ್ತೆಯ ಬಡವರೆಂದುಕೊಂಡಿದ್ದೇವೆ. ಅದು ಸುಳ್ಳಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ 1,200 ಕಿಲೋ ತೂಕದ ಕಾರಿಗೆ ಇರುವ ಚಲನಶಕ್ತಿ, ಅದರ ಅರ್ಧ ವೇಗದಲ್ಲಿ ಹೋಗುವ 80 ಕಿಲೋ ತೂಕದ ಸೈಕಲ್ ಮತ್ತು ಸವಾರನಿಗಿಂತ 60 ಪಟ್ಟು ಹೆಚ್ಚು. ಆದರೆ ಅದೇ ಸೈಕಲ್ ಫುಟ್‌ಪಾತ್ ಹತ್ತಿದ ಕ್ಷಣ ಲೆಕ್ಕ ತಿರುಗುತ್ತದೆ. ಗಂಟೆಗೆ 5 ಕಿಲೋಮೀಟರ್ ನಡೆಯುವ 60 ಕಿಲೋ ತೂಕದ ಅಜ್ಜಿಗಿಂತ ಸವಾರನದ್ದು ಸುಮಾರು 21 ಪಟ್ಟು ಹೆಚ್ಚು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೈಕಲ್ ಸವಾರನಿಗೆ ಹತ್ತು ನಿಮಿಷದ ದಾರಿಯಲ್ಲೇ ಎರಡೂ ಕಾಲ ಬಂದುಹೋಗುತ್ತವೆ.

ಬಲಶಾಲಿಯ ಹೊಣೆಯನ್ನು ಕಾನೂನು ಸ್ವಲ್ಪ ಮಟ್ಟಿಗೆ ಬರೆದಿಡಬಲ್ಲದು. ನೆದರ್ಲೆಂಡ್ಸ್‌ನ 1994ರ ರಸ್ತೆ ಸಂಚಾರ ಕಾಯ್ದೆಯ 185ನೇ ಕಲಮಿನ ಪ್ರಕಾರ, ಮೋಟಾರು ವಾಹನ ಸೈಕಲ್ ಸವಾರನಿಗೋ ಪಾದಚಾರಿಗೋ ಗುದ್ದಿದರೆ, ಅದು ಕೈಮೀರಿದ ಘಟನೆ ಎಂದು ಸಾಬೀತಾಗದ ಹೊರತು ಹೊಣೆ ವಾಹನದ ಕಡೆಯದೇ. ಆದರೆ ಸೈಕಲ್ಲೇ ಪಾದಚಾರಿಗೆ ಗುದ್ದಿದರೆ ಈ ಕಲಮು ಅನ್ವಯಿಸುವುದಿಲ್ಲ. ನಮ್ಮಲ್ಲಂತೂ ಸೈಕಲ್ಲಿಗೆ ಲೈಸೆನ್ಸೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಕಾನೂನಿನ ಕಣ್ಣು ತಲುಪದ ಈ ಜಾಗದಲ್ಲಿ ಉಳಿಯುವುದು ನಡತೆಯೊಂದೇ.

ಬೆಟ್ಟದ ಹಾದಿಗಳಲ್ಲಿ ಈ ನಡತೆ ರೂಢಿಯಾಗಿ ಬೆಳೆದಿದೆ. ಅಮೆರಿಕದ ಅನೇಕ ಹಾದಿಗಳಲ್ಲಿ ಸೈಕಲ್ ಸವಾರರು ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಡಬೇಕು. ಸೈಕಲ್ಲುಗಳ ನಡುವೆ, ಇಳಿಯುವವರು ಹತ್ತುವವರಿಗೆ. ಏರಿನಲ್ಲಿ ಒಮ್ಮೆ ನಿಂತವರಿಗೆ ಮತ್ತೆ ತುಳಿದು ಹೊರಡುವುದು ಎಷ್ಟು ಕಷ್ಟವೆಂದು ಚಾಮುಂಡಿ ಬೆಟ್ಟ ಹತ್ತಿದವರಿಗೆಲ್ಲ ಗೊತ್ತು. ಯಾರು ಮೊದಲು ಬಂದರು ಎಂಬುದಕ್ಕಿಂತ ನಿಲ್ಲುವುದರ ಬೆಲೆ ಯಾರಿಗೆ ಹೆಚ್ಚು ಎಂಬುದನ್ನು ಈ ರೂಢಿ ನೋಡುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ‘ಬಸ್ಸು ಮೈಮೇಲೆ ಬರುವಂತೆ ಸಾಗುವಾಗ ಫುಟ್‌ಪಾತ್ ಬಿಟ್ಟು ಎಲ್ಲಿಗೆ ಹೋಗುವುದು?’ ನ್ಯಾಯವಾದ ಪ್ರಶ್ನೆಯೇ. ಅಪಾಯದಿಂದ ತಪ್ಪಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಆ ಅಪಾಯವನ್ನು ನಮಗಿಂತ ದುರ್ಬಲರ ಹೆಗಲಿಗೆ ದಾಟಿಸುವ ಹಕ್ಕು ಅದರ ಜೊತೆ ಬರುವುದಿಲ್ಲ. ನಮಗಾದ ಅನ್ಯಾಯ ನಮ್ಮನ್ನು ತಾನಾಗಿಯೇ ನ್ಯಾಯವಂತರನ್ನಾಗಿ ಮಾಡುವುದಿಲ್ಲ. ಎಷ್ಟೋ ಸಲ ನಾವು ಮಾಡುವ ಅನ್ಯಾಯಕ್ಕೆ ನೆಪವಾಗುತ್ತದೆ ಅಷ್ಟೆ. ಒಳ್ಳೆಯ ರಸ್ತೆಗಾಗಿ, ಸೈಕಲ್ಲಿಗೊಂದು ಪ್ರತ್ಯೇಕ ದಾರಿಗಾಗಿ ನಗರದೊಡನೆ ಜಗಳವಾಡಬೇಕು. ಆ ಜಗಳದ ಬಿಲ್ಲನ್ನು ಅಜ್ಜಿಗೆ ಕಳಿಸಬಾರದು.

ಸೈಕಲ್ಲಿಗೆ ಕಾರಿಗಿಲ್ಲದ ಒಂದು ಅನುಕೂಲವಿದೆ. ಇಳಿದು ತಳ್ಳಿಕೊಂಡು ನಡೆದರೆ ಸವಾರನೂ ಪಾದಚಾರಿಯೇ. ತನ್ನ ಬಲವನ್ನು ಇಷ್ಟು ಸುಲಭವಾಗಿ ಕೆಳಗಿಡಬಲ್ಲವರು ರಸ್ತೆಯಲ್ಲಿ ಬೇರೆ ಯಾರಿದ್ದಾರೆ?