ಕೂಸಿನ ಮೊಳ, ಭಕ್ತರ ಕೊಸರು

ಬಿಳಿಗಿರಿರಂಗನ ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಬರಿಗೈಲಿ ಮೆಟ್ಟಿಲು ಹತ್ತುವವರು ಕಡಿಮೆ. ಒಂದು ತುಳಸಿ ಹಾರ, ಒಂದು ಮೊಳ ಮಲ್ಲಿಗೆ, ಏನೂ ಇಲ್ಲದಿದ್ದರೆ ನಾಲ್ಕು ಬಿಡಿ ಸೇವಂತಿಗೆಯಾದರೂ ಕೈಲಿರುತ್ತದೆ. ಭಕ್ತಿಯಿಂದ ಕೊಟ್ಟ ಎಲೆ, ಹೂವು, ಹಣ್ಣು, ನೀರನ್ನೂ ಭಗವಂತ ಸ್ವೀಕರಿಸುತ್ತಾನೆಂಬ ಗೀತೆಯ ಒಂಬತ್ತನೆಯ ಅಧ್ಯಾಯದ ಮಾತು ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಹೂವು ಕಟ್ಟಿದ ಕೈ ಯಾರದು, ಅದನ್ನು ಮಾರಿದ ಕೂಸು ಅವತ್ತು ಏನು ಕಲಿಯಿತು ಎಂಬ ವಿಚಾರ ದರ್ಶನದ ಗಡಿಬಿಡಿಯಲ್ಲಿ ಯಾರ ತಲೆಗೂ ಬರುವುದಿಲ್ಲ.

ಈ ಸೀಮೆ ಹೂವಿನ ಸೀಮೆ. ಗುಂಡ್ಲುಪೇಟೆ ಕಡೆ ಮುಂಗಾರಿನಲ್ಲಿ ಹೊಲಕ್ಕೆ ಹೊಲವೇ ಚೆಂಡು ಹೂವಿನಿಂದ ಹಳದಿಯಾಗುತ್ತದೆ. ಅದರಲ್ಲಿ ಎಷ್ಟೋ ಪಾಲು ದೇವರ ಮುಡಿಗಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ, ಓಣಂ ಸಮಯದಲ್ಲಿ ಕೇರಳಕ್ಕೆ ಹೋಗುತ್ತದೆ. ಇತ್ತ ಚಾಮರಾಜನಗರದಿಂದ ಹೊರಟು ಪುಣಜನೂರಿನ ಚೆಕ್ ಪೋಸ್ಟ್ ದಾಟಿ, ಹಾಸನೂರು ಕಳೆದು, ದಿಂಬಂ ಘಟ್ಟ ಇಳಿದರೆ ಸತ್ಯಮಂಗಲ. ಅಲ್ಲಿನ ಮಲ್ಲಿಗೆ ಮಾರುಕಟ್ಟೆ ಹೆಸರಾದದ್ದು. ಹೀಗಾಗಿ ಈ ಭಾಗದ ಎಷ್ಟೋ ಮನೆಗಳಲ್ಲಿ ಹೂವು ಪೂಜೆಯ ಸಾಮಾನೂ ಹೌದು, ಸಂತೆ ಖರ್ಚಿನ ದಾರಿಯೂ ಹೌದು. ಅವ್ವನ ಪಕ್ಕ ಕೂತ ಕೂಸು ನೋಡುನೋಡುತ್ತಲೇ ಕಟ್ಟುವುದನ್ನು ಕಲಿಯುತ್ತದೆ.

ಪಟ್ಟಣದಲ್ಲಿ ಬೊಕೆ ಎಂದು ಪ್ಲಾಸ್ಟಿಕ್ ಸುತ್ತಿ ಕೊಡುತ್ತಾರಲ್ಲ, ಅದಲ್ಲ ಇದು. ಒದ್ದೆ ಬಾಳೆನಾರಿನಲ್ಲಿ ಎರಡು ಹೂವು ಅತ್ತ, ಎರಡು ಹೂವು ಇತ್ತ ಇಟ್ಟು ಗಂಟು ಬಿಗಿಯಬೇಕು. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸಿ ಹೋಗುತ್ತದೆ, ಸಡಿಲ ಬಿಟ್ಟರೆ ಗರ್ಭಗುಡಿ ತಲುಪುವಷ್ಟರಲ್ಲಿ ಅರ್ಧ ಉದುರಿರುತ್ತದೆ. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ, ಬೆರಳೇ ಕಲಿಯಬೇಕು. ಜೊತೆಗೆ ಇನ್ನೊಂದು ಪಾಠ: ಬೆಳಗಿನ ಮೊಗ್ಗು ಸಂಜೆಗೆ ಅರಳಿಬಿಡುತ್ತದೆ, ನಾಳೆಗೆ ಇಟ್ಟು ಮಾರುವ ಹಾಗಿಲ್ಲ. ಬೆಳಗ್ಗೆ ಗಟ್ಟಿಯಾಗಿ ಹೇಳಿದ ರೇಟನ್ನು ಸಂಜೆ ಇಳಿಸಬೇಕಾಗುತ್ತದೆ. ಇದನ್ನು ಲೆಕ್ಕದ ಪುಸ್ತಕಕ್ಕಿಂತ ಚೆನ್ನಾಗಿ ಹೂವಿನ ಬುಟ್ಟಿ ಕಲಿಸುತ್ತದೆ.

ನಿಜವಾದ ಧರ್ಮಸೂಕ್ಷ್ಮ ಇರುವುದು ಮೊಳ ಹಾಕುವಾಗ. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಸುಮಾರು 18 ಇಂಚು ಎಂದು ಲೆಕ್ಕ. ಹತ್ತು ವರ್ಷದ ಕೂಸಿನ ಮೊಳ 14, ಹೆಚ್ಚೆಂದರೆ 15 ಇಂಚು. ಕೂಸು ತನ್ನ ಕೈಲಿ ಅಳೆದು ಕೊಟ್ಟರೆ ಅದು ಮೋಸವೇ? ಕೂಸು ಸುಳ್ಳು ಹೇಳಿಲ್ಲ, ಅದರ ಕೈ ಅಷ್ಟೇ ಉದ್ದ. ಆದರೂ ಕೊಂಡವರಿಗೆ ಕಡಿಮೆ ಬಂತು. ಬುದ್ಧಿವಂತೆ ಅವ್ವ ಇದಕ್ಕೆ ಶಾಸ್ತ್ರ ಕೇಳಲು ಹೋಗುವುದಿಲ್ಲ. “ನಿನ್ ಮೊಳದ ಮ್ಯಾಲೆ ಅರ್ಧ ಗೇಣು ಬುಡು ಕೂಸು” ಎನ್ನುತ್ತಾಳೆ. ತನ್ನ ಅಳತೆಯೇ ಲೋಕದ ಅಳತೆ ಅಲ್ಲ, ಕೊಳ್ಳುವವನ ಕಡೆಯಿಂದಲೂ ಅಳೆಯಬೇಕು ಎಂಬುದು ಕೂಸಿಗೆ ಅಲ್ಲಿ ತಿಳಿಯುತ್ತದೆ. ದೊಡ್ಡ ದೊಡ್ಡ ವ್ಯಾಪಾರಸ್ಥರಿಗೇ ತಿಳಿಯದ ವಿಷಯ ಇದು.

ಅಷ್ಟು ಕಲಿತ ಕೂಸಿಗೆ ಭಕ್ತರು ಏನು ಕಲಿಸುತ್ತಾರೆ? ಅರ್ಧ ಗೇಣು ಜಾಸ್ತಿ ಬಿಟ್ಟ ಮೇಲೂ “ಇನ್ನೊಂಚೂರು ಕೊಸರು ಹಾಕು” ಎನ್ನುತ್ತಾರೆ. ಹುಂಡಿಗೆ ನೂರರ ನೋಟು ಹಾಕುವ ಕೈಯೇ ಐದು ರೂಪಾಯಿಗೆ ಚೌಕಾಸಿ ಮಾಡುತ್ತದೆ. ಹಂಪೆಯ ಹರಿಹರ ಕವಿ ‘ಪುಷ್ಪರಗಳೆ’ ಎಂದು ಒಂದು ಕೃತಿಯನ್ನೇ ರಚಿಸಿದ. ವಿರೂಪಾಕ್ಷನಿಗಾಗಿ ಹೂವು ಕೊಯ್ದು ತಂದು ಅರ್ಪಿಸುವುದೇ ಅದರ ವಸ್ತು. ಅಲ್ಲಿ ಕೊಯ್ದ ಕೈಯೇ ಅರ್ಪಿಸುವ ಕೈ. ಹಾಗಂತ ಕೊಂಡ ಹೂವು ಕೀಳೇನೂ ಅಲ್ಲ, ಗಿಡ ಇಲ್ಲದವರು ಕೊಂಡೇ ತರಬೇಕು. ಆದರೆ ಕಟ್ಟಿದವರ ಕೂಲಿ ಮುರಿದು ತಂದ ಹಾರದಲ್ಲಿ ಭಕ್ತರದ್ದು ಎಷ್ಟು, ಕಟ್ಟಿದವರದ್ದು ಎಷ್ಟು ಎಂದು ರಂಗನಾಥನಿಗೆ ಗೊತ್ತಾಗದೆ ಇರುತ್ತದೆಯೇ?

ಚೌಕಾಸಿಗಿಂತ ಕೆಟ್ಟದ್ದು ಇನ್ನೊಂದಿದೆ, ಅದು ನೋಡಲು ಪುಣ್ಯದ ಹಾಗೆ ಕಾಣುತ್ತದೆ. ಅವ್ವ ಕೂಗಿದರೆ ತಿರುಗಿ ನೋಡದ ಜನ, ಕೂಸು “ಬೋಣಿ ಆಗಿಲ್ಲ ಕಣಣ್ಣ, ತಕ್ಕಳಣ್ಣ” ಎಂದರೆ ಕರಗಿಬಿಡುತ್ತಾರೆ. ಚಿಲ್ಲರೆ ಬೇಡ ಇಟ್ಕೋ ಎನ್ನುತ್ತಾರೆ. ಹೂವು ಬಾಡಿದ್ದರೂ ಕೇಳುವುದಿಲ್ಲ. ಹಾರ ಚೆನ್ನಾಗಿ ಕಟ್ಟುವುದಕ್ಕಿಂತ ಮುಖ ಸಣ್ಣದು ಮಾಡಿಕೊಂಡರೆ ಜಾಸ್ತಿ ಸಿಗುತ್ತದೆ ಎಂದು ಕೂಸು ಕಲಿಯುವುದು ಹೀಗೆ. ಮನೆಯವರೂ ಒಂದು ಲೆಕ್ಕ ಕಲಿಯುತ್ತಾರೆ: ಅವ್ವ ಕೂತರೆ ಇಷ್ಟು, ಕೂಸು ಕೂತರೆ ಅದರ ಎರಡರಷ್ಟು. ಹಾಗಿರುವಾಗ ಸೋಮವಾರ ಬೆಳಗ್ಗೆ ಅದನ್ನು ಇಸ್ಕೂಲಿಗೆ ಕಳಿಸುವುದು ಕಷ್ಟವೇ. ಕರುಣೆಯಿಂದ ಕೊಟ್ಟ ಕಾಸು ಕೂಸನ್ನು ಬುಟ್ಟಿಯ ಮುಂದೆಯೇ ಕಟ್ಟಿಹಾಕುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. ಮನೆಯವರ ಕಸುಬಿಗೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು, ಅದೂ ಅಪಾಯದ ಕೆಲಸ ಅಲ್ಲದಿದ್ದರೆ. 6ರಿಂದ 14ರವರೆಗಿನ ಮಕ್ಕಳಿಗೆ ಶಿಕ್ಷಣ ಹಕ್ಕೆಂಬ 2009ರ ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬೆಟ್ಟದ ಪಂಚಾಂಗಕ್ಕೂ ಇದಕ್ಕೂ ಅರ್ಧ ಹೊಂದಿಕೆಯಾಗುತ್ತದೆ. ವೈಶಾಖದ ದೊಡ್ಡ ಜಾತ್ರೆ ಬೇಸಿಗೆ ರಜೆಯಲ್ಲೇ ಬರುತ್ತದೆ. ಆಗ ಕೂಸು ಅವ್ವನ ಪಕ್ಕ ಕೂತು ಹೂವು ಕಟ್ಟಿದರೆ ಯಾರೂ ಬೈಯಬೇಕಾಗಿಲ್ಲ, ಅದೊಂದು ವಿದ್ಯೆಯೇ. ಸಂಕ್ರಾಂತಿ ಬೆನ್ನಿಗೆ ಬರುವ ಚಿಕ್ಕ ಜಾತ್ರೆಯಲ್ಲಿ ಹಾಗಲ್ಲ, ಆಗ ಪಾಠ ನಡೆಯುವ ಕಾಲ.

ಕೂಸಿನ ಕೈಲಿ ಕೊಳ್ಳಲೇಬಾರದು ಎಂದರೆ ಅದೂ ಸರಿಯಲ್ಲ, ಭಾನುವಾರದ ಅದರ ದುಡಿಮೆಗೂ ಮರ್ಯಾದೆ ಇದೆ. ಹಾರ ನೋಡಿ, ಗಂಟು ನೋಡಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಹೇಳಿ, ಹೇಳಿದ ಕಾಸು ಕೊಡುವುದು. ಶಾಲೆಯ ದಿನ ಮಾತ್ರ ಅವ್ವನನ್ನೇ ಹುಡುಕಿ ಅವಳ ಕೈಲೇ ಕೊಳ್ಳುವುದು. “ಕೂಸೆಲ್ಲಿ ಕಾಣ್ಸಲ್ಲ?” ಎಂದು ಕೇಳಿದಾಗ “ಇಸ್ಕೂಲ್ಗ ಹೋಗ್ಯದ ಕಣಣ್ಣ, ಸಂಜಗ ಬತ್ತದ” ಎಂದಳೋ, ಅವತ್ತು ಕೊಸರು ಕೇಳದೆ ಎರಡು ಮೊಳ ಜಾಸ್ತಿಯೇ ತೆಗೆದುಕೊಳ್ಳಬಹುದು.