ಒಕ್ಕಲೆಬ್ಬಿಸುವ ಹಕ್ಕು

ಹೊಸ ಮನೆಯ ಪ್ರವೇಶಕ್ಕೆ ನಮ್ಮಲ್ಲಿ 'ಮನೆಯೊಕ್ಕಲು' ಎನ್ನುವರು. ಪರರ ನೆಲದಲ್ಲಿ ನೆಲಸಿದವನೂ ಒಕ್ಕಲೇ; ಅವನನ್ನು ಹೊರಡಿಸುವುದು ಒಕ್ಕಲೆಬ್ಬಿಸುವುದು. ಮಂಗಲಕ್ಕೂ ಅಮಂಗಲಕ್ಕೂ ಒಂದೇ ಪದವನ್ನಿಟ್ಟ ಹಿರಿಯರು ವಾಸವನ್ನು ಒಡೆತನದಿಂದ ಬೇರೆಯಾಗಿ ಎಣಿಸಿದ್ದಿರಬೇಕೆಂದು ನನಗೆ ತೋರುವುದು. ಶಬ್ದಗಳ ಹಿಂದೆ ಹೋಗುವುದು ಪಾಠಶಾಲೆಯಲ್ಲಿ ಓದಿದವನ ಚಟ, ವಾಚಕರು ಕ್ಷಮಿಸಬೇಕು. ಈ ಸಲ ಆ ಶಬ್ದವೇ ನನ್ನ ಬಾಗಿಲಿಗೆ ಬಂದಿರುವುದು.

ಮೂಡಿಗೆರೆಯ ಕಡೆ ನನಗೆ ಪಿತ್ರಾರ್ಜಿತವಾದ ನಾಲ್ಕು ಎಕರೆ ಕಾಫಿ ತೋಟವುಂಟು. ಅದರ ಅಂಚಿನ ಮನೆಯಲ್ಲಿ ಮೂವತ್ತು ವರ್ಷಗಳಿಂದ ಒಂದು ಕೂಲಿಯ ಕುಟುಂಬವಿದೆ. ಗೋಡೆ ನಮ್ಮ ತಂದೆಯವರು ಹಾಕಿಸಿದ್ದು. ಹೆಂಚು, ಕೊಟ್ಟಿಗೆ, ಹಿತ್ತಲಿನ ಹಲಸು ಅವನವು. ಬಾಡಿಗೆಯೆಂದು ಒಂದು ಕಾಸನ್ನೂ ನಾವು ಪಡೆದುದಿಲ್ಲ. ಈಗ ಅವನಿಗೆ ಮರ ಹತ್ತಿ ನೆರಳು ತೆಗೆಯುವ ಶಕ್ತಿಯಿಲ್ಲ. ಬೆಂಗಳೂರಿನಲ್ಲಿರುವ ನನ್ನ ಮಗನು ಆ ಸ್ಥಳದಲ್ಲಿ ಹೋಂಸ್ಟೇ ಕಟ್ಟಿಸಬೇಕೆನ್ನುವನು.

ಕಾಯಿದೆಯನ್ನು ನೋಡಿದೆನು. 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ ಉಳುವವರ ಕೈಗೆ ಬಂದುವು. ಕೃಷಿಕಾರ್ಮಿಕನು ವಾಸಿಸುವ ಮನೆಯನ್ನು ಅವನಿಗೇ ಕೊಡಿಸುವ ವಿಧಿಯೂ ಭೂಸುಧಾರಣಾ ಕಾಯಿದೆಯ 38ನೆಯ ಪ್ರಕರಣದಲ್ಲುಂಟು. ಆದರೆ ಪ್ಲಾಂಟೇಷನ್ನುಗಳಿಗೆ ಅದು ಸಲ್ಲದೆಂದು 104ನೆಯ ಪ್ರಕರಣವು ಹೇಳುವುದು. ಕಾರ್ಮಿಕರಿಗೆ ಮನೆ ಕಟ್ಟಿಸಿಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ವಿಧಿಸಿತು. ಅದು ದೊಡ್ಡ ತೋಟಗಳ ಮಾತು. ಹೀಗೆ ಎಲ್ಲ ಕಡೆಯಿಂದಲೂ ನಾನು ಬಿಡುಗಡೆ ಹೊಂದಿದವನು. ಆದರೂ ನಿದ್ರೆ ಬರಲಿಲ್ಲ.

ನಾರದಸ್ಮೃತಿಯಲ್ಲಿ ಈ ವಿಚಾರವುಂಟು. ಪರಭೂಮಿಯಲ್ಲಿ ಮನೆ ಕಟ್ಟಿ 'ಸ್ತೋಮ'ವನ್ನು, ಎಂದರೆ ಬಾಡಿಗೆಯನ್ನು, ಕೊಟ್ಟುಕೊಂಡಿದ್ದವನು ಹೊರಡುವಾಗ ಹುಲ್ಲು, ಮರಮುಟ್ಟು, ಇಟ್ಟಿಗೆಗಳನ್ನು ಒಯ್ಯಬಹುದು. ಬಾಡಿಗೆಯಿಲ್ಲದೆ, ಒಡೆಯನ ಇಷ್ಟಕ್ಕೆ ವಿರೋಧವಾಗಿ ಇದ್ದವನು ಒಯ್ಯಲಾಗದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವೂ ಬಾಡಿಗೆದಾರನು ತಾನು ನೆಲಕ್ಕೆ ಸೇರಿಸಿದುದನ್ನು ತೆಗೆದುಕೊಂಡು ಹೋಗಬಹುದೆಂದೇ ಹೇಳುವುದು. ನೆಲವನ್ನು ಮಾತ್ರ ಮೊದಲಿದ್ದಂತೆ ಬಿಡತಕ್ಕದ್ದು. ಆದರೆ ನಮ್ಮವನು ಯಾವ ಪಕ್ಷದವನು? ಬಾಡಿಗೆ ಕೊಟ್ಟಿಲ್ಲ, ಇಷ್ಟವಿಲ್ಲದವರ ನೆಲದಲ್ಲಿಯೂ ಇದ್ದವನಲ್ಲ, ನಾವೇ ಕರೆದು ಇರಿಸಿದೆವು. ಸ್ಮೃತಿಕಾರನ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿ ಅವನ ಮನೆಯಿದೆ.

ಹೆಂಚು, ತೊಲೆಗಳನ್ನು ಒಯ್ಯಲು ನನ್ನ ಅಡ್ಡಿಯಿಲ್ಲವೆಂದು ಒಂದು ದಿನ ಅವನಿಗೆ ಹೇಳಿದೆನು. ಅದನ್ನು ಔದಾರ್ಯವೆಂದೇ ತಿಳಿದಿದ್ದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಂಚು ಇಳಿಸ್ಬೋದು ಅಯ್ಯಾ, ಹಲಸಿನ ಮರ ಹೆಂಗೆ ಹೊತ್ಕೊಂಡು ಹೋಗ್ಲಿ?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಮಗನ ಪಕ್ಷವನ್ನು ಹಗುರವಾಗಿ ಕಾಣಲಾರೆ. ಇರಲು ಬಿಟ್ಟವನೇ ಕಳೆದುಕೊಳ್ಳುವುದಾದರೆ ಮುಂದೆ ಯಾರೂ ಯಾರನ್ನೂ ಇರಗೊಡರು. ಲೈನು ಮನೆಗಳನ್ನು ಕೆಡವಿ, ದಿನದಿನವೂ ಜೀಪಿನಲ್ಲಿ ಆಳುಗಳನ್ನು ತಂದು ಸಂಜೆಗೆ ಕಳುಹಿಸುವರು ಎನ್ನುವನು. ಇದು ಸುಳ್ಳಲ್ಲ. ಆದರೆ ಈ ವಾದವು ವಾಸವನ್ನು ದಾನವೆಂದು ಭಾವಿಸಿ ಹೊರಟಿದೆ. 2001–02ರ ಸುಮಾರಿಗೆ ಕಾಫಿಯ ಬೆಲೆ ನೆಲಕಚ್ಚಿದಾಗ ನಾನು ಕೂಲಿಯನ್ನು ತಿಂಗಳುಗಟ್ಟಲೆ ತಡೆದೆನು. ಅನೇಕರು ಪೇಟೆಗೆ ಹೋದರು, ಇವನು ಹೋಗಲಿಲ್ಲ. ಮನೆಯಿದೆಯಲ್ಲಾ ಎಂಬ ನೆಚ್ಚಿಕೆಯೇ ಅವನನ್ನು ಹಿಡಿದಿತ್ತು. ಆ ನೆಚ್ಚಿಕೆಯಿಂದ ನನ್ನ ತೋಟ ಉಳಿಯಿತು. ಮೇಷ್ಟರ ಸಂಬಳವಿದ್ದ ನಾನು ಆ ವರ್ಷಗಳನ್ನು ಸುಲಭವಾಗಿ ಮರೆತಿದ್ದೆನು. ಸ್ತೋಮವು ಸಂದಿಲ್ಲವೆಂದು ಯಾವ ಬಾಯಿಂದ ಹೇಳಲಿ?

ಮನೆ, ಕೊಟ್ಟಿಗೆ, ಹಲಸಿನ ಮರ ಒಳಬೀಳುವಂತೆ ಅಳತೆ ಮಾಡಿಸಿ ಅವನ ಹೆಂಡತಿಯ ಹೆಸರಿಗೆ ಬರೆದುಕೊಡಬೇಕೆಂದಿದ್ದೇನೆ. ಮಗನಿನ್ನೂ ಒಪ್ಪಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಬರುವೆನೆಂದು ತಿಳಿಸಿದ್ದಾನೆ. ಹಲಸು ಕಾಯಿ ಬಿಡುವ ಕಾಲವೂ ಅದೇ.