ಆಮಿಷವೂ ಅಭ್ಯಾಸವೂ

ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಬೆಳಗಿನ ಒಂದು ಗಂಟೆ ಬಹು ಕಠಿನವಾದುದು. ಲೋಕಲ್ ರೈಲಿನ ಹೊತ್ತು ಮೀರುವುದರೊಳಗೆ ಸ್ನಾನ, ಸಂಧ್ಯಾವಂದನೆ, ಊಟದ ಡಬ್ಬಿ. ಅದರ ನಡುವೆಯೇ ಐದು ವರ್ಷದ ಮಗನಿಗೆ ಹಾಲು ಕುಡಿಸಿ ಶಾಲೆಗೆ ಸಿದ್ಧಗೊಳಿಸಬೇಕು. ಹಾಲು ಕುಡಿದರೆ ಒಂದು ಚಾಕೊಲೇಟು ಎಂದು ನಾನು ಮೊದಲು ಹೇಳಿದ್ದು ಇಂತಹ ಒಂದು ಬೆಳಗಿನಲ್ಲಿಯೇ. ಮುಂದೆ ಹಲ್ಲುಜ್ಜಿದ್ದಕ್ಕೂ ಒಂದು (ಇದರ ವಿಪರ್ಯಾಸ ಆಗ ಹೊಳೆಯಲಿಲ್ಲ), ರಾತ್ರಿ ದೇವರ ಮುಂದೆ ಶ್ಲೋಕ ಹೇಳಿದ್ದಕ್ಕೂ ಒಂದು ಎಂದು ಲೆಕ್ಕ ಬೆಳೆಯಿತು.

ಕೆಲವು ವಾರಗಳ ಹಿಂದೆ ಊರಿನಿಂದ ನನ್ನ ತಾಯಿಯವರು ಬಂದಿದ್ದರು. "ಅಜ್ಜಿಗೆ ನಮಸ್ಕಾರ ಮಾಡು" ಎಂದೆ. "ಮಾಡಿದರೆ ಏನು ಸಿಗುತ್ತೆ ಅಪ್ಪಾ?" ಎಂದು ಮಗ ಕೇಳಿದ. ಆ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ಅಂಗಡಿಯಲ್ಲಿ ದರ ವಿಚಾರಿಸುವವನ ಸಹಜತೆ ಇತ್ತು. ಅದೇ ನನ್ನನ್ನು ಹೆಚ್ಚು ನೋಯಿಸಿತು. ತಾಯಿಯವರು ನಕ್ಕು ಸುಮ್ಮನಾದರು. ಗದರಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಆಮಿಷ ತೋರಿಸಿ ಮಕ್ಕಳಿಂದ ಒಳ್ಳೆಯ ಕೆಲಸ ಮಾಡಿಸುವುದು ಹಾಗಾದರೆ ತಪ್ಪೇ? ಫಲಾಪೇಕ್ಷೆಯಿಂದ ಬಂದವನನ್ನು ಗೀತೆಯೂ ತಳ್ಳಿಹಾಕುವುದಿಲ್ಲ. ಏಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಹೇಳುವ ನಾಲ್ಕು ಬಗೆಯ ಭಕ್ತರಲ್ಲಿ ಅರ್ಥಾರ್ಥಿಯೂ ಒಬ್ಬ. ನಾಲ್ವರನ್ನೂ ಅವನು ಉದಾರರೆಂದೇ ಕರೆಯುತ್ತಾನೆ. ಮನೆಯ ಸಾಲ ಮಂಜೂರಾಗಲೆಂದು ತಿರುಪತಿಗೆ ಹರಕೆ ಹೊತ್ತ ನಾನು, ಮಗನ ಪ್ರಶ್ನೆಗೆ ಕೋಪಿಸಿಕೊಳ್ಳುವ ಅಧಿಕಾರವನ್ನು ಎಲ್ಲಿಂದ ತರಲಿ?

ಆದರೂ ಒಂದು ಭೇದವಿದೆ. ಅರ್ಥಾರ್ಥಿಯಲ್ಲಿ ಬಯಕೆ ಮೊದಲೇ ಇದೆ; ಅದನ್ನು ಹೊತ್ತು ಅವನು ದೇವರನ್ನು ಅರಸಿ ಬರುತ್ತಾನೆ. ನನ್ನ ಮಗನಾದರೋ, ದೀಪ ಕಂಡೊಡನೆ ತಾನಾಗಿಯೇ ಬಂದು ತೊಡೆಯ ಮೇಲೆ ಕುಳಿತು, ತೊದಲುತ್ತ ನನ್ನೊಡನೆ ಶ್ಲೋಕ ಹೇಳುತ್ತಿದ್ದವನು. ಇಲ್ಲದ ಬಯಕೆಯನ್ನು ಅಲ್ಲಿ ಬಿತ್ತಿದವನು ನಾನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ನಡೆದು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವುಂಟು. ಚಿತ್ರ ಬರೆಯುವುದರಲ್ಲಿ ಸ್ವತಃ ಆಸಕ್ತರಾಗಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಭರವಸೆ ಕೊಟ್ಟು ಬರೆಯಿಸಿದರು. ಮುಂದೆ ಬಹುಮಾನವಿಲ್ಲದ ಆಟದ ವೇಳೆಯಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧದಷ್ಟೇ. ಮೊದಲು ಏನೂ ಹೇಳದೆ, ಕೊನೆಯಲ್ಲಿ ಬಹುಮಾನ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಕುಗ್ಗಿರಲಿಲ್ಲ. ಕೆಡುಕು ಕೊಡುವುದರಲ್ಲಿಲ್ಲ, ಮುಂಗಡ ಕರಾರಿನಲ್ಲಿದೆ ಎಂದು ನನಗೆ ತೋರುತ್ತದೆ.

ಹಾಲಿನ ಚಾಕೊಲೇಟನ್ನು ನಾನಿನ್ನೂ ನಿಲ್ಲಿಸಿಲ್ಲ. ರೈಲು ಯಾರ ತತ್ತ್ವಚಿಂತನೆಗೂ ಕಾಯುವುದಿಲ್ಲ. ಶ್ಲೋಕದ್ದನ್ನು ಮಾತ್ರ ನಿಲ್ಲಿಸಿದೆ. ಮೂರು ವಾರಗಳಿಂದ ರಾತ್ರಿ ನಾನೊಬ್ಬನೇ ಹೇಳುತ್ತಿದ್ದೇನೆ. ಮಗ ಬಾಗಿಲ ಬಳಿ ಆಟದ ಕಾರು ಉರುಳಿಸುತ್ತಿರುತ್ತಾನೆ. ಮೊನ್ನೆ ನಾನು ಒಂದು ಸಾಲು ಮರೆತು ತಡೆದಾಗ, ಅಲ್ಲಿಂದಲೇ, ತಲೆಯೆತ್ತದೆ, ಮುಂದಿನ ಪದವನ್ನು ಹೇಳಿಕೊಟ್ಟ.